ಚಪ್ಪಲಿ ನಂಜುಂಡಣ್ಣ ಮತ್ತು ಸಿಲ್ಲಿ ಪಾಯಿಂಟ್

ಮೊನ್ನೆ ನಮ್ಮ ಆರ್‌ಸಿಬಿ ಗ್ರೂಪಿನಲ್ಲಿ ಮತ್ತೆ ಅದೇ ರಾಮಾಯಣ. ಯಾರೋ ಒಬ್ಬ, ಡಿಪಿಯಲ್ಲಿ ಸಿಂಹದ ಮುಖ, ಹೆಸರಿನ ತುದಿಗೆ ಕೊಹ್ಲಿಯ ಜರ್ಸಿ ನಂಬರ್ 18, ಎದುರು ತಂಡದ ಬೌಲರ್‌ನ ತಾಯಿಯನ್ನು ಎಳೆದು ತಂದು ಬರೆದಿದ್ದ. ಅಡ್ಮಿನ್ ಕಿತ್ತು ಹಾಕಿದ. ಅದರ ಬೆನ್ನಿಗೇ ಇನ್ನೊಬ್ಬರು ಬಂದರು. ಇವರು ಸ್ವಂತ ಹೆಸರು, ಸ್ವಂತ ಫೋಟೋದವರು, ಬ್ಯಾಂಕಿನಿಂದ ರಿಟೈರ್ ಆದವರು. "ಆಧಾರ್ ಲಿಂಕ್ ಮಾಡಿಸ್ಬೇಕು ಸಾರ್. ಫೇಕ್ ಐಡಿ ನಿಂತ್ರೆ ಈ ಗಲೀಜೆಲ್ಲ ಒಂದೇ ದಿನಕ್ಕೆ ನಿಲ್ಲುತ್ತೆ" ಅಂತ ತೀರ್ಪು ಕೊಟ್ಟರು. ಲೈಕುಗಳ ಸುರಿಮಳೆ.

ನಾನು ಲೈಕ್ ಒತ್ತಲಿಲ್ಲ. ಒತ್ತುವ ಮುಖವೂ ನನಗಿಲ್ಲ, ಯಾಕೆಂದರೆ ಅಲ್ಲಿ ನಾನೂ ಫೇಕ್ ಐಡಿಯೇ. ಒಂಬತ್ತು ವರ್ಷದಿಂದ ಆ ಗ್ರೂಪಿನಲ್ಲಿ ನನ್ನ ಹೆಸರು "ಸಿಲ್ಲಿ ಪಾಯಿಂಟ್", ಬ್ಯಾಟ್ಸ್‌ಮನ್ ಮೂಗಿನ ಕೆಳಗೇ ನಿಲ್ಲುವ ಫೀಲ್ಡರ್‌ನ ಜಾಗದ ಹೆಸರು. ಶುರು ಮಾಡಿದಾಗ ನನ್ನ ಮ್ಯಾನೇಜರ್ ಚೆನ್ನೈನವರು, ಹಳದಿ ಜರ್ಸಿಯ ಪರಮಭಕ್ತರು. ಅಪ್ರೈಸಲ್ ತಿಂಗಳೂ ಐಪಿಎಲ್ ತಿಂಗಳೂ ಒಂದೇ ಆಗಿದ್ದ ಕಾಲ. ಹೊಟ್ಟೆಪಾಡು ಸ್ವಾಮಿ. ಈ ಪೋಸ್ಟ್ ಓದಿದ ಮೇಲೆ ಗ್ರೂಪಿನವರಿಗೆಲ್ಲ ನಾನು ಯಾರು ಅಂತ ಗೊತ್ತಾಗುತ್ತೆ, ಆಗಲಿ ಬಿಡಿ.

ಮುಖ ಮುಚ್ಚಿಕೊಂಡವನು ಮಾತ್ರ ಕೆಟ್ಟದಾಗಿ ಬರೆಯುತ್ತಾನೆ, ಮುಖ ತೋರಿಸಿದರೆ ಎಲ್ಲರೂ ಸಭ್ಯರಾಗುತ್ತಾರೆ ಅನ್ನುವುದನ್ನು ನಾನು ನಂಬುವುದಿಲ್ಲ. ಯಾಕೆ ಅಂತ ಹೇಳುವುದಕ್ಕೆ ನಮ್ಮೂರಿನ ಕೊಬ್ಬರಿ ಮಂಡಿಗೆ ಹೋಗಬೇಕು.

ತಿಪಟೂರು, 1996ರ ಮಾರ್ಚ್, ಕ್ರಿಕೆಟ್ ವಿಶ್ವಕಪ್. ನಮ್ಮ ಮಾವನ ಮಂಡಿಯಲ್ಲಿ ಕಲರ್ ಟೀವಿ ಇತ್ತು. ಒಂಬತ್ತನೇ ತಾರೀಕು ಚಿನ್ನಸ್ವಾಮಿಯಲ್ಲಿ ನಮ್ಮ ವೆಂಕಟೇಶ್ ಪ್ರಸಾದ್ ಪಾಕಿಸ್ತಾನದ ಆಮಿರ್ ಸೊಹೈಲ್‌ನ ಸ್ಟಂಪ್ ಎಗರಿಸಿದಾಗ ಅದೇ ಮಂಡಿಯಲ್ಲಿ ಮೈಸೂರುಪಾಕು ಹಂಚಿದ್ದರು. ನಾಲ್ಕು ದಿನ ಬಿಟ್ಟು ಕಲ್ಕತ್ತೆಯಲ್ಲಿ ಶ್ರೀಲಂಕಾ ಜೊತೆ ಸೆಮಿಫೈನಲ್. ಕೊಬ್ಬರಿ ಮೂಟೆಗಳ ಮೇಲೆಲ್ಲ ಜನ. ಒಂದು ವಿಕೆಟ್‌ಗೆ 98 ಇದ್ದ ನಮ್ಮ ಸ್ಕೋರು ನೋಡನೋಡುತ್ತಲೇ ಎಂಟಕ್ಕೆ 120 ಆಯಿತು. ಆ ಏಳು ವಿಕೆಟ್‌ಗಳ ನಡುವೆ ಎಲ್ಲೋ ನಂಜುಂಡಣ್ಣನಿಗೆ ತಲೆ ಕೆಟ್ಟಿತು. ಆಟಗಾರರ ಅಪ್ಪ, ಅಮ್ಮ, ಅಜ್ಜಿಯವರೆಗೂ ಬೈದು, ಕಾಲಲ್ಲಿದ್ದ ಹವಾಯಿ ಚಪ್ಪಲಿ ತೆಗೆದು ಟೀವಿಗೆ ಬೀಸಿದ. ಗುರಿ ತಪ್ಪಿ ಸ್ಟೆಬಿಲೈಸರ್‌ಗೆ ಬಿತ್ತು. ಟೀವಿ ಆಫ್.

ಮಾವ ಎದ್ದವರೇ ಹೇಳಿದ್ದು ಒಂದೇ ಮಾತು. "ನಂಜುಂಡ, ಚಪ್ಪಲಿ ತಗಂಡು ಮನೆಗೆ ನಡಿ. ನಾಳೆ ಬಾ."

ಆ "ನಾಳೆ ಬಾ" ಇದೆಯಲ್ಲ, ಅದನ್ನು ನೆನಪಿಟ್ಟುಕೊಳ್ಳಿ.

ಮಾರನೇ ದಿನ ಅವನು ಬರಲೇಬೇಕಿತ್ತು, ಮೂಟೆಯ ಲೆಕ್ಕ ಇತ್ತು. ಬಂದ. ಯಾರೂ ಬೈಯಲಿಲ್ಲ. ಆದರೆ ಅವತ್ತಿನಿಂದ ಅವನು ಚಪ್ಪಲಿ ನಂಜುಂಡಣ್ಣ. ಮದುವೆಯ ಮುಯ್ಯಿ ಪುಸ್ತಕದಲ್ಲೂ ಒಂದು ಕಡೆ ಹಾಗೇ ಬರೆದಿದ್ದರಂತೆ. ಅದಾದ ಮೇಲೆ ಅವನು ಮ್ಯಾಚ್ ನೋಡುವುದನ್ನೂ ಬಿಡಲಿಲ್ಲ, ಬೈಯುವುದನ್ನೂ ಬಿಡಲಿಲ್ಲ. ಆದರೆ ಬೈಗುಳ ಆಟಗಾರನ ಬ್ಯಾಟು, ಕಾಲು, ಕೀಪರ್‌ನ ಗ್ಲೌಸು ಇಷ್ಟರಲ್ಲೇ ನಿಲ್ಲುತ್ತಿತ್ತು. ಅವರಮ್ಮನ ತನಕ ಹೋಗುತ್ತಿರಲಿಲ್ಲ.

ಅದೇ ಹೊತ್ತಿಗೆ ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಬಾಟಲಿ ತೂರಿದರು, ಸ್ಟ್ಯಾಂಡಿಗೆ ಬೆಂಕಿ ಹಚ್ಚಿದರು, ರೆಫರಿ ಕ್ಲೈವ್ ಲಾಯ್ಡ್ ಪಂದ್ಯವನ್ನು ಶ್ರೀಲಂಕಾಗೆ ಕೊಟ್ಟು ಕೈ ತೊಳೆದುಕೊಂಡರು, ವಿನೋದ್ ಕಾಂಬ್ಳಿ ಅಳುತ್ತಾ ಹೊರಗೆ ನಡೆದ. ಆ ಬಾಟಲಿ ತೂರಿದವರಿಗೆ ಇಂಟರ್ನೆಟ್ ಇತ್ತಾ? ಫೇಕ್ ಐಡಿ ಇತ್ತಾ? ಸ್ವಂತ ಮುಖ ಹೊತ್ತುಕೊಂಡೇ ಕೂತಿದ್ದರು. ಆದರೆ ಪಕ್ಕದಲ್ಲಿ ಕೂತವನಿಗೆ ಇವನು ಯಾರೂ ಅಲ್ಲ, ನಾಳೆ ಸಿಗುವವನೂ ಅಲ್ಲ. ಸಂತೆಯಲ್ಲಿ ಉಗುಳಿದರೆ ಯಾರ ಎಂಜಲು ಅಂತ ಯಾರು ಕೇಳುತ್ತಾರೆ?

ಈಗ ನಮ್ಮ ಸಂತೆಗೆ ಬರೋಣ. 2021ರ ಅಕ್ಟೋಬರ್ 11, ಶಾರ್ಜಾ, ಐಪಿಎಲ್ ಎಲಿಮಿನೇಟರ್, ಸೋತವರು ಮನೆಗೆ. ನಾವು ಹೊಡೆದದ್ದು 138. ನಮ್ಮ ಬೌಲರ್ ಡ್ಯಾನ್ ಕ್ರಿಶ್ಚಿಯನ್ ಒಂದು ಓವರಿನಲ್ಲಿ 22 ಕೊಟ್ಟ, ಕೋಲ್ಕತ್ತಾ ತಂಡದ ಸುನಿಲ್ ನರೈನ್ ಬಂದವನೇ ಮೂರು ಸಿಕ್ಸರ್ ಎತ್ತಿದ. ಕೊಹ್ಲಿ ಕಾಯಂ ಕ್ಯಾಪ್ಟನ್ ಆಗಿ ಆಡಿದ ಕೊನೆಯ ಆರ್‌ಸಿಬಿ ಮ್ಯಾಚು ಅಲ್ಲಿಗೆ ಮುಗಿಯಿತು. ಹೊಟ್ಟೆಗೆ ಬೆಂಕಿ ಬಿದ್ದದ್ದು ನಿಜ, ನನಗೂ ಬಿದ್ದಿತ್ತು. ಆದರೆ "ನಿಯತ್ತಿನ ಅಭಿಮಾನಿಗಳು" ಅಂತ ಎದೆ ತಟ್ಟಿಕೊಳ್ಳುವ ನಮ್ಮವರು ಅವತ್ತು ರಾತ್ರಿ ಮಾಡಿದ್ದೇನು? ಕ್ರಿಶ್ಚಿಯನ್‌ನ ಗರ್ಭಿಣಿ ಸಂಗಾತಿಯ ಇನ್‌ಸ್ಟಾಗ್ರಾಂಗೆ ನುಗ್ಗಿದರು. ಆಟ ಆಡಿದ್ದು ನಾನು, ಅವಳನ್ನು ಬಿಟ್ಟುಬಿಡಿ ಅಂತ ಆ ಮನುಷ್ಯ ಬೇಡಿಕೊಳ್ಳಬೇಕಾಯಿತು. ಜೊತೆ ಆಟಗಾರ ಮ್ಯಾಕ್ಸ್‌ವೆಲ್ ಕೂಡ ಇದನ್ನು ಖಂಡಿಸಿ ಬರೆದ.

ಆ ರಾತ್ರಿ ನಮ್ಮ ಗ್ರೂಪಿನಲ್ಲಿ ನಾನು ಎಚ್ಚರವಾಗಿಯೇ ಇದ್ದೆ. ಹತ್ತಿರದಿಂದ ನೋಡಿದ್ದನ್ನು ಹೇಳುತ್ತೇನೆ. ಮೊದಲನೆಯವನು ಬರೆದದ್ದು ಬರೀ ಸಂಕಟ: "ಯಾಕಪ್ಪಾ ಇವನಿಗೆ ಬಾಲ್ ಕೊಟ್ರಿ". ಹತ್ತು ಲೈಕ್. ಎರಡನೆಯವನು ಅದಕ್ಕೆ ಸ್ವಲ್ಪ ಒಗ್ಗರಣೆ ಹಾಕಿದ, ಐವತ್ತು ಲೈಕ್. ಮೂರನೆಯವನಿಗೆ ಆಗಲೇ ಕ್ರಿಶ್ಚಿಯನ್ ಬೇಕಿರಲಿಲ್ಲ, ಐವತ್ತನ್ನು ದಾಟುವುದು ಬೇಕಿತ್ತು. ಎಂಟು ಹತ್ತು ಕಾಮೆಂಟಿನಲ್ಲಿ ಮಾತು ಹೆಂಡತಿ ಮಕ್ಕಳ ತನಕ ಇಳಿದಿತ್ತು. ದ್ವೇಷ ಅಂತ ಕರೆಯುವುದಕ್ಕೂ ಆಗದ ಒಂದು ಸ್ಪರ್ಧೆ ಅದು. ನಾಟಕದ ಮುಂದಿನ ಸಾಲಿನಲ್ಲಿ ಶಿಳ್ಳೆ ಹೊಡೆಯುವವರು ಇರುವ ತನಕ ಬಫೂನನೂ ನಿಲ್ಲಿಸುವುದಿಲ್ಲ ನೋಡಿ, ಹಾಗೆ.

ಶಿಳ್ಳೆ ಹೊಡೆದವರಲ್ಲಿ ನಾನೂ ಇದ್ದೇನೆ. ಅವತ್ತಲ್ಲ, 2023ರ ಮೇ 21ಕ್ಕೆ. ಚಿನ್ನಸ್ವಾಮಿಯಲ್ಲಿ ಮಳೆ ಬಂದು ನಿಂತು ಮ್ಯಾಚು ತಡವಾಗಿ ಶುರುವಾಯಿತು. ಕೊಹ್ಲಿ ಅಜೇಯ 101. ಪ್ಲೇ ಆಫ್‌ಗೆ ಹೋಗಿಯೇ ಬಿಟ್ಟೆವು ಅಂದುಕೊಂಡಿದ್ದೆವು. ಗುಜರಾತ್ ತಂಡದ ಶುಭಮನ್ ಗಿಲ್ 52 ಎಸೆತಕ್ಕೆ 104 ಹೊಡೆದು, ಕೊನೆಗೆ ಸಿಕ್ಸರ್ ಎತ್ತಿ ನಮ್ಮನ್ನು ಮನೆಗೆ ಕಳಿಸಿದ. ಒಂದು ಗಂಟೆಯೊಳಗೆ ಅವನ ತಂಗಿಯೋ ಅಕ್ಕನೋ ಅನ್ನುವುದೂ ಗೊತ್ತಿಲ್ಲದವರೆಲ್ಲ ಆ ಹುಡುಗಿಯ ಫೋಟೋ ಹಾಕಿ ಶುರು ಹಚ್ಚಿಕೊಂಡರು. ಮುಂದೆ ದೆಹಲಿ ಮಹಿಳಾ ಆಯೋಗ ಬಾಯಿ ಬಿಡುವ ತನಕ ಹೋಯಿತು. ಆ ರಾಶಿಯಲ್ಲಿ ಒಂದು ಮೀಮ್ ನನ್ನ ಕಣ್ಣಿಗೆ ಬಿತ್ತು. ಜಾಣತನ ಇತ್ತು ಅದರಲ್ಲಿ, ಅದೇ ದರಿದ್ರ. ನಗುವ ಇಮೋಜಿ ಒತ್ತಿಬಿಟ್ಟೆ. ಒಂದು ಅಕ್ಷರ ಬರೆದಿಲ್ಲ, ಬರೀ ಒತ್ತಿದ್ದು. ನಾನು ಬೈಯಲಿಲ್ಲವಲ್ಲ ಅಂತ ಮಲಗಿದೆ ಕೂಡ. ಬೆಳಿಗ್ಗೆ ಕಾಫಿ ಕುಡಿಯುತ್ತಾ ನೋಡಿದರೆ "ನೀವು ಮತ್ತು ಇತರ ಎರಡು ಸಾವಿರ ಮಂದಿ" ಅಂತ ತೋರಿಸುತ್ತಿತ್ತು. ನನ್ನ ತಂಗಿ ಎದುರಿಗೇ ಕೂತು ಉಪ್ಪಿಟ್ಟು ತಿನ್ನುತ್ತಿದ್ದಳು.

ಈಗ ಆಧಾರ್ ಲಿಂಕಿನವರಿಗೆ ಒಂದು ಲೆಕ್ಕ. 2021ರ ಜುಲೈ 11ಕ್ಕೆ ಯೂರೋ ಫುಟ್‌ಬಾಲ್ ಫೈನಲ್. ಪೆನಾಲ್ಟಿ ತಪ್ಪಿಸಿದ ಇಂಗ್ಲೆಂಡಿನ ರ‍್ಯಾಶ್‌ಫರ್ಡ್, ಸ್ಯಾಂಚೋ, ಸಾಕಾ, ಮೂವರೂ ಕಪ್ಪು ಹುಡುಗರು. ಮೈಬಣ್ಣ ಹಿಡಿದು ಬೈದದ್ದಕ್ಕೆ ಲೆಕ್ಕವಿಲ್ಲ. ಅಲ್ಲೂ ಇದೇ ಕೂಗು ಎದ್ದಿತು, ಗುರುತಿನ ಚೀಟಿ ಕೇಳಿ ಅಂತ. ಮರುತಿಂಗಳು ಟ್ವಿಟರ್‌ನವರು (ಈಗಿನ ಎಕ್ಸ್) ತಮ್ಮ ಲೆಕ್ಕ ತೆಗೆದರು. ಈ ಕಾರಣಕ್ಕೆ ಶಾಶ್ವತವಾಗಿ ಮುಚ್ಚಿಸಿದ ಖಾತೆಗಳಲ್ಲಿ ನೂರಕ್ಕೆ 99 ಮಂದಿ ಯಾರು ಅಂತ ಪತ್ತೆ ಮಾಡಬಹುದಾದವರೇ ಆಗಿದ್ದರು. ಟ್ವಿಟರ್ ಕಂಪನಿ ತನ್ನ ವ್ಯಾಪಾರಕ್ಕೆ ಅನುಕೂಲವಾದ ಮಾತನ್ನೇ ಆಡಿರುತ್ತೆ, ಒಪ್ಪಿದೆ. ಆದರೂ ಆ 99ನ್ನು ಹಾಗೆ ತಳ್ಳಿಹಾಕುವುದು ಕಷ್ಟ.

ನಮ್ಮಲ್ಲೇ ನೋಡಿ. ಅದೇ ವರ್ಷ ಅಕ್ಟೋಬರ್ 24ಕ್ಕೆ ದುಬೈನಲ್ಲಿ ಪಾಕಿಸ್ತಾನಕ್ಕೆ ಹತ್ತು ವಿಕೆಟ್‌ಗಳಿಂದ ಸೋತಾಗ ಹನ್ನೊಂದು ಜನ ಸೋತಿದ್ದರು, ಬೈಸಿಕೊಂಡವನು ಬೌಲರ್ ಮೊಹಮ್ಮದ್ ಶಮಿ ಒಬ್ಬನೇ, ಅವನ ಧರ್ಮ ಹಿಡಿದು. ಕೊಹ್ಲಿ ಅವನ ಪರ ನಿಂತದ್ದಕ್ಕೆ ಕೊಹ್ಲಿಯ ಹಸುಗೂಸಿಗೆ ಬೆದರಿಕೆ ಬಂತು. ಬರೆದವನು ಹೆಸರು ಮುಚ್ಚಿಕೊಂಡಿದ್ದ. ಮುಂಬೈ ಪೊಲೀಸರು ಹೈದರಾಬಾದಿಗೆ ಹೋಗಿ ಒಬ್ಬ ಓದಿದ ಹುಡುಗನನ್ನು ಹಿಡಿದು ತಂದದ್ದಕ್ಕೆ ಹದಿನೈದು ದಿನವೂ ಬೇಕಾಗಲಿಲ್ಲ. ಆಮೇಲೆ ದೂರು ಕೊಟ್ಟವರೇ ಒಪ್ಪಿ, 2023ರಲ್ಲಿ ಬಾಂಬೆ ಹೈಕೋರ್ಟ್ ಕೇಸು ರದ್ದು ಮಾಡಿತು. ಅಂದರೆ ಬೇಕೆಂದಾಗ ಪೊಲೀಸರಿಗೆ ದಾರಿ ಇದ್ದೇ ಇದೆ. ಕಾಣದಂತೆ ಇರುವುದು ನೀವು ನನಗೆ, ನಾನು ನಿಮಗೆ, ಅಷ್ಟೇ.

ಇನ್ನು ಸ್ವಂತ ಹೆಸರಿನವರ ಸಭ್ಯತೆ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಐಪಿಎಲ್ ಕಪ್ ಗೆದ್ದು ಹದಿನೆಂಟು ವರ್ಷದ ಕಾಯುವಿಕೆ ಮುಗಿಯಿತು. ಮಾರನೇ ದಿನ ಸಂಜೆ ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತ, 11 ಜೀವ ಹೋಯಿತು. ಒಂದು ಸುದ್ದಿಯ ಕೆಳಗೆ ನಗುವ ಇಮೋಜಿಗಳನ್ನು ಕಂಡೆ. ತಡೆಯಲಾರದೆ ಪಟ್ಟಿ ತೆರೆದೆ. ಸಿಂಹದ ಮುಖ, 18ರ ಬಾಲ ಇರುತ್ತವೆ ಅಂದುಕೊಂಡಿದ್ದೆ. ಇದ್ದವು ಕೆಲವು. ಆದರೆ ಒಂದು ಡಿಪಿಯಲ್ಲಿ ಮದುವೆ ಬಾಸಿಂಗದ ಫೋಟೋ. ಇನ್ನೊಂದರಲ್ಲಿ ಹೆಗಲ ಮೇಲೆ ಮಗು ಕೂರಿಸಿಕೊಂಡ ಅಪ್ಪ, ಊರು, ಓದಿದ ಕಾಲೇಜು ಎಲ್ಲ ವಿವರ ಸಮೇತ. ಇವರಿಗೆ ಆಧಾರ್ ಕೇಳಿದರೆ ಜೆರಾಕ್ಸ್ ಎರಡು ಕೊಡುತ್ತಾರೆ.

ಹೆಸರು ಮುಚ್ಚಿಕೊಳ್ಳುವುದರಿಂದ ಒಳ್ಳೆಯದೂ ಆಗುತ್ತೆ ಅಂದರೆ ಆ ಬ್ಯಾಂಕಿನ ಯಜಮಾನರು ನಗುತ್ತಾರೇನೋ. ನಮ್ಮ ಅತ್ತೆ ಮಗಳು ಒಬ್ಬಳಿದ್ದಾಳೆ. ಚಿಕ್ಕಂದಿನಲ್ಲಿ ನಮ್ಮ ಗಲ್ಲಿ ಕ್ರಿಕೆಟ್‌ಗೆ ಸ್ಕೋರ್ ಬರೆದವಳು, ಈಗಲೂ ರಣಜಿ ಸ್ಕೋರ್‌ಕಾರ್ಡ್ ಓದುತ್ತಾ ಊಟ ಮಾಡುವವಳು. ನಾನೇ ಗ್ರೂಪಿಗೆ ಸೇರಿಸಿದೆ, ಸ್ವಂತ ಹೆಸರಲ್ಲಿ. ಸ್ಪಿನ್ ಬೌಲಿಂಗ್ ಬಗ್ಗೆ ಒಂದು ಉದ್ದ ಪೋಸ್ಟ್ ಹಾಕಿದಳು. ಬಂದ ಮೊದಲ ಉತ್ತರ: "ಅಕ್ಕಾ, ಸಾರಿಗೆ ಉಪ್ಪು ಹಾಕಿದ್ರಾ?" ಇನ್‌ಬಾಕ್ಸಿಗೆ ಬಂದದ್ದನ್ನು ಅವಳು ನನಗೂ ತೋರಿಸಲಿಲ್ಲ. ವಾರದಲ್ಲಿ ಹೊರಗೆ ಹೋದಳು. ಒಂದು ತಿಂಗಳು ಬಿಟ್ಟು ಮತ್ತೆ ಬಂದಳು, ಡಿಪಿಯಲ್ಲಿ ಮೂರು ಸ್ಟಂಪ್, ಹೆಸರು "ಥರ್ಡ್ ಮ್ಯಾನ್", ಅದೂ ಒಂದು ಫೀಲ್ಡಿಂಗ್ ಜಾಗ. ಆ ಹೆಸರು ಆರಿಸಿಕೊಂಡು ಒಬ್ಬಳೇ ನಕ್ಕಳಂತೆ. ಅದೇ ಪೋಸ್ಟನ್ನು ಎರಡು ಸಾಲು ತಿದ್ದಿ ಮತ್ತೆ ಹಾಕಿದಳು. "ಗುರೂ, ಏನ್ ಅನಾಲಿಸಿಸ್ ಗುರೂ!" ಅಂದ ಮೊದಲಿಗ ಯಾರು ಅಂತೀರಿ? ಸಾರಿನ ಉಪ್ಪು ಕೇಳಿದವನೇ.

2024ರ ಮಾರ್ಚ್ 17, ಡಬ್ಲ್ಯುಪಿಎಲ್, ಅಂದರೆ ಹೆಣ್ಣುಮಕ್ಕಳ ಐಪಿಎಲ್, ಅದರ ಫೈನಲ್. ದೆಹಲಿ ವಿಕೆಟ್ ಇಲ್ಲದೆ 64, ಗ್ರೂಪಿನಲ್ಲಿ ಆಗಲೇ ಚಟ್ಟ ಕಟ್ಟುತ್ತಿದ್ದರು. ಸೋಫಿ ಮೊಲಿನೊ ಒಂದೇ ಓವರಿನಲ್ಲಿ ಮೂರು ತೆಗೆದಳು, ಬೆಂಗಳೂರಿನ ಹುಡುಗಿ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ ನಾಲ್ಕು. 113ಕ್ಕೆ ಆಲೌಟ್. ಆರ್‌ಸಿಬಿ ಅನ್ನುವ ಹೆಸರಿಗೆ ಮೊದಲ ಕಪ್ ತಂದವರು ಹೆಣ್ಣುಮಕ್ಕಳು. ಆ ರಾತ್ರಿ ಗ್ರೂಪಿನಲ್ಲಿ ಎಲ್ಲರೂ ಕಾಯುತ್ತಿದ್ದದ್ದು ಥರ್ಡ್ ಮ್ಯಾನ್ ಏನು ಬರೆಯುತ್ತಾನೆ ಅಂತ. ಬರೆದಳು. ಯಾರು ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಗುಟ್ಟು ಹೇಳುವ ಅಧಿಕಾರ ನನಗಿದೆ, ಅವಳದ್ದಿಲ್ಲ. ಅವಳನ್ನು ಕೇಳಿ, ಅವಳು ಸರಿ ಅಂದಷ್ಟನ್ನೇ ಇಲ್ಲಿ ಬರೆದಿದ್ದೇನೆ. ಈಗಿನ ಹೆಸರು ಕೂಡ ಬೇರೆ ಇಟ್ಟುಕೊಂಡಾಗಿದೆ, ಹುಡುಕಬೇಡಿ.

ಜಾನ್ ಸುಲರ್ ಅಂತ ಒಬ್ಬ ಮನಶ್ಶಾಸ್ತ್ರಜ್ಞ 2004ರಲ್ಲೇ ಇದರ ಬಗ್ಗೆ ಬರೆದಿದ್ದಾನೆ. ಆನ್‌ಲೈನಿನಲ್ಲಿ ಜನರ ಲಗಾಮು ಸಡಿಲವಾಗುವುದಕ್ಕೆ ಅವನು ಕೊಟ್ಟ ಕಾರಣಗಳು ಆರು, ಹೆಸರು ಮುಚ್ಚಿಕೊಳ್ಳುವುದು ಅದರಲ್ಲಿ ಒಂದು ಮಾತ್ರ. ಎದುರಿನವನ ಮುಖ ಕಾಣದಿರುವುದು ಇನ್ನೊಂದು, ಉತ್ತರ ಆಗಿಂದಾಗಲೇ ಬರದಿರುವುದು ಮತ್ತೊಂದು. ಲಗಾಮು ಸಡಿಲವಾದಾಗ ಕೆಲವರು ಕಚ್ಚುತ್ತಾರೆ, ಕೆಲವರು ಮನಸ್ಸು ಬಿಚ್ಚುತ್ತಾರೆ ಅಂತಲೂ ಹೇಳಿದ್ದಾನೆ. ನಮ್ಮ ಗ್ರೂಪಿನಲ್ಲಿ ಎರಡನ್ನೂ ಕಂಡಿದ್ದೇನೆ.

ನಮ್ಮ ಅಡ್ಮಿನ್‌ಗೆ ಸುಲರ್ ಗೊತ್ತಿಲ್ಲ. ಅವನೊಂದು ಉಪಾಯ ಮಾಡಿದ್ದಾನೆ. ಮನೆಯವರ ತಂಟೆಗೆ ಹೋದವನನ್ನು ಮೂರು ಮ್ಯಾಚ್ "ಪೆವಿಲಿಯನ್"ಗೆ ಕಳಿಸುತ್ತಾನೆ. ಓದಬಹುದು, ಬರೆಯುವ ಹಾಗಿಲ್ಲ. ನಾಲ್ಕನೇ ಮ್ಯಾಚಿಗೆ ಅದೇ ಹೆಸರಲ್ಲಿ ವಾಪಸ್ ಬರಬೇಕು. ಹೊಸ ಐಡಿಯಲ್ಲಿ ಬಂದರೆ ಮತ್ತೆ ಮೊದಲಿನಿಂದ, ಮೂರು ತಿಂಗಳು ಯಾವ ಪೋಸ್ಟೂ ಅಡ್ಮಿನ್ ನೋಡದೆ ಹೊರಗೆ ಬರುವುದಿಲ್ಲ. ಗುರುತಿನ ಚೀಟಿ ಒಂದನ್ನೂ ಕೇಳಿಲ್ಲ. ಹಳಬರು ಯಾರೂ ಈಗ ಹಾಗೆ ಬಾಯಿ ಹರಿಬಿಡುವುದಿಲ್ಲ. ಒಂಬತ್ತು ವರ್ಷ ಸಾಕಿದ ಹೆಸರು, ಹಾಳು ಮಾಡಿಕೊಳ್ಳುವುದಕ್ಕೆ ಮನಸ್ಸು ಬರುವುದಿಲ್ಲ. ಸಿಲ್ಲಿ ಪಾಯಿಂಟ್ ಹೆಸರು ಕೆಟ್ಟರೆ ನನಗೆ ನಿಜವಾಗಿಯೂ ಮರ್ಯಾದೆ ಹೋದಂತೆ ಆಗುತ್ತೆ, ನಗಬೇಡಿ. ಮೊನ್ನೆಯ ಸಿಂಹದ ಮುಖದವನು ಗ್ರೂಪಿಗೆ ಬಂದು ನಾಲ್ಕೇ ದಿನ ಆಗಿತ್ತು.

ಹೋದ ತಿಂಗಳು ಊರಿಗೆ ಹೋಗಿದ್ದೆ. ಮಂಡಿಯಲ್ಲಿ ಈಗ ಟೀವಿ ಇಲ್ಲ, ಎಲ್ಲರ ಕೈಯಲ್ಲೂ ಫೋನು. ನಂಜುಂಡಣ್ಣನಿಗೆ ವಯಸ್ಸಾಗಿದೆ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಮೊಮ್ಮಗನ ಫೋನಿನಲ್ಲಿ ಹೈಲೈಟ್ಸ್ ನೋಡುತ್ತಿದ್ದ. ಪಕ್ಕದಲ್ಲಿ ಕೂತು ಗ್ರೂಪಿನ ಕಥೆಯೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡ.

"ಅದ್ರಾಗೆ ನಿನ್ ಹೆಸ್ರೇನು?"

"ಸಿಲ್ಲಿ ಪಾಯಿಂಟ್ ಅಂತ."

"ಯಾರಿಟ್ರು?"

"ನಾನೇ ಇಟ್ಕೊಂಡೆ ನಂಜುಂಡಣ್ಣ."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕ.

"ಪುಣ್ಯವಂತ ಕಣಯ್ಯ ನೀನು. ನನಗೆ ಊರೋರಿಟ್ರು."