ಲಾಗಿನ್ ಒಂದೇ, ಓಟಿಪಿ ಬೇರೆಯವರ ಮೊಬೈಲಿಗೆ

“ಇನ್ನು ಮುಂದೆ ಎಲ್ಲ ಸಾಫ್ಟ್‌ವೇರಿಗೂ ಒಂದೇ ಲಾಗಿನ್” ಎಂಬ ಸುತ್ತೋಲೆ ಬಳ್ಳಾರಿಯಿಂದ ಗಿಣಿಗೇರಾವರೆಗಿನ ಕಾರ್ಖಾನೆಗಳಿಗೆ ಹೊಸದೇನಲ್ಲ. ಕೇಕ್ ಕತ್ತರಿಸಿ, ಶಾಲು ಹೊದಿಸಿ, ಫೋಟೊ ಹಿಡಿಸಿದ ಮರುದಿನ ಲಾರಿ ತೂಗುವ ವೇಬ್ರಿಜ್ ಮುಂದೆ ಅದಿರು ಲಾರಿಗಳು ಯಾಕೆ ಸಾಲುಗಟ್ಟಿದವೆಂದು ನಿಮಗೇ ಗೊತ್ತು. ಮೂರು ಶಿಫ್ಟಿಗೂ ಸೇರಿ ಒಂದೇ ಐಡಿ. ಓಟಿಪಿ ಹೋಗುವುದು ರಾತ್ರಿ ಪಾಳಿ ಮುಗಿಸಿ ಮಲಗಿರುವ ಸೂಪರ್‌ವೈಸರ್ ಮೊಬೈಲಿಗೆ.

“ಸರ, ಓಟಿಪಿ ಬಂತೇನ್ರಿ?”

“ಮೂರು ಬಂದಾವಪ್ಪ, ಯಾವ್ದು ಬೇಕು?”

“ಕಡೀದು ಹೇಳ್ರಿ, ಲಾರಿ ನಿಂತಾವ.”

ಇದು ಎರಡು ಹಂತದ ಭದ್ರತೆ. ಮೊದಲ ಹಂತ ಗೋಡೆಗೆ ಅಂಟಿಸಿದ ಚೀಟಿ, ಎರಡನೆಯದು ನಿದ್ದೆಗಣ್ಣಿನ ಫೋನು.

ಪಾಸ್‌ವರ್ಡ್ ವಿಷಯದಲ್ಲಂತೂ ನಮ್ಮವರ ನಾಡಪ್ರೇಮ ದೊಡ್ಡದು. 45 ದಿನಕ್ಕೊಮ್ಮೆ ಬದಲಿಸಲೇಬೇಕೆಂಬ ನಿಯಮ ಬಂದಾಗ ‘ಹಂಪಿ ಅಟ್ 1’ ಹುಟ್ಟಿತು. ಆಮೇಲೆ 2, 3, 4. 2021ರಲ್ಲಿ ಹಂಪಿ ವಿಜಯನಗರ ಜಿಲ್ಲೆಗೆ ಹೋಯಿತು, ಪಾಸ್‌ವರ್ಡ್ ಮಾತ್ರ ಬಳ್ಳಾರಿಯಲ್ಲೇ ಉಳಿಯಿತು. ಈಗ 30 ದಾಟಿದೆ. ಹೀಗೆ ದಿನ ಎಣಿಸಿ ಬದಲಿಸುವುದು ಬೇಡ, ಸೋರಿಕೆಯ ಸುಳಿವು ಸಿಕ್ಕಾಗ ಬದಲಿಸಿ ಎಂದು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಹೇಳಿದೆ. ನಮ್ಮ ಆಡಿಟರಿಗೆ 45 ಎಂಬ ಅಂಕಿಯೇ ಪ್ರೀತಿ. ಅದಕ್ಕೊಂದು ಕಾಲಂ ಇದೆ.

ಇನ್ನು ಆ್ಯಪುಗಳನ್ನು ಒಂದೇ ಲಾಗಿನ್ನಿಗೆ ಜೋಡಿಸುವ ಮಹಿಮೆ. ಇದಕ್ಕಿರುವ ಸ್ಯಾಮಲ್ ಎಂಬ ಪದ್ಧತಿಯಲ್ಲಿ “ಇವನು ನಮ್ಮವನೇ” ಎಂದು ಲಾಗಿನ್ ಪರೀಕ್ಷಿಸುವ ಐಡೆಂಟಿಟಿ ಸರ್ವರ್ ಸಹಿ ಹಾಕಿ ಆ್ಯಪಿಗೆ ಕಳಿಸುವ ಪತ್ರಕ್ಕೆ ಆಯುಷ್ಯ ಬಹಳ ಕಡೆ ಕೆಲವೇ ನಿಮಿಷ. ಆ್ಯಪ್ ಸರ್ವರಿನ ಗಡಿಯಾರ 10 ನಿಮಿಷ ಮುಂದಿದ್ದರೆ ಪತ್ರ ತಲುಪುವ ಮೊದಲೇ ಹಳಸಿರುತ್ತದೆ. ಎರಡೂ ಸರ್ವರಿಗೆ ಜಾಲದ ಮೂಲಕ ಗಡಿಯಾರ ಹೊಂದಿಸುವ ಎನ್‌ಟಿಪಿಯಿಂದ ಒಂದೇ ಸಮಯ ಕೊಟ್ಟರೆ ಮುಗಿಯಿತು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಕೂಡ ಏಪ್ರಿಲ್ 2022ರ ನಿರ್ದೇಶನದಲ್ಲಿ ಗಡಿಯಾರ ಹೊಂದಿಸಿ ಎಂದೇ ಹೇಳಿದೆ. ಆದರೆ ಕನ್ಸಲ್ಟೆಂಟರು ಗಡಿಯಾರ ಮುಟ್ಟುವುದಿಲ್ಲ. ಗಡಿಯಾರದ ವ್ಯತ್ಯಾಸಕ್ಕೆ ಕೊಡುವ ವಿನಾಯಿತಿಯನ್ನು ಒಂದು ತಾಸಿಗೆ ಏರಿಸಿ ಬಿಲ್ ಕಳಿಸುತ್ತಾರೆ. ಕದ್ದ ಪತ್ರವೂ ಅಷ್ಟು ಹೊತ್ತು ಓಡುತ್ತದಲ್ಲ ಎಂದರೆ, “ಲಾಗಿನ್ ಆಗ್ಲಿಕತ್ತೈತಿಲ್ರಿ?”

ಆ ಸಹಿ ಅಸಲಿಯೆಂದು ತೋರಿಸುವ ಡಿಜಿಟಲ್ ಸರ್ಟಿಫಿಕೇಟಿಗೂ ಮುಕ್ತಾಯದ ದಿನ ಇದೆ. ಮೈಕ್ರೋಸಾಫ್ಟಿನ ಲಾಗಿನ್ ಸೇವೆ ಎಂಟ್ರಾದಲ್ಲಿ ತಾನಾಗಿ ಬರುವುದು 3 ವರ್ಷ. ಮುಗಿಯುವ ಮುನ್ನ ಎಚ್ಚರಿಕೆಯ ಮೇಲ್ ಬರುತ್ತದೆ. ಯಾರಿಗೆ? ನಾವು ಬದಲಿಸದಿದ್ದರೆ, ಅಂದು ಆ್ಯಪ್ ಸೇರಿಸಿದ ಅಡ್ಮಿನ್ನಿಗೆ. ಆ ಪುಣ್ಯಾತ್ಮ ಕೆಲಸ ಬಿಟ್ಟು ಹೈದರಾಬಾದ್ ಸೇರಿರುತ್ತಾನೆ. ಅಲ್ಲೊಂದು ಗುಂಪಿನ ವಿಳಾಸ ಹಾಕಲು ಎರಡು ನಿಮಿಷ ಸಾಕು.

ಬಿಟ್ಟುಹೋದವರದೇ ದೊಡ್ಡ ಕಥೆ. ಕಂಪನಿಯ ಎಲ್ಲ ಬಳಕೆದಾರರ ಪಟ್ಟಿಯಾದ ಆ್ಯಕ್ಟಿವ್ ಡೈರೆಕ್ಟರಿಯಲ್ಲಿ ಹೆಸರು ನಿಷ್ಕ್ರಿಯ ಮಾಡಿದರೆ ಎಲ್ಲ ಕಡೆ ಬಾಗಿಲು ಮುಚ್ಚಿತೆಂದು ಎಚ್‌ಆರ್ ನಿಶ್ಚಿಂತೆ. ಒಂದೇ ಲಾಗಿನ್ನು ಒಳಗೆ ಬಿಡುತ್ತದೆ, ಒಳಗಿದ್ದವರನ್ನು ಎಬ್ಬಿಸುವುದಿಲ್ಲ. ಆ್ಯಪಿನೊಳಗಿನ ಹಳೆಯ ಪಾಸ್‌ವರ್ಡ್, ಸಾಫ್ಟ್‌ವೇರಿಗೆ ಸಾಫ್ಟ್‌ವೇರ್ ತೋರಿಸುವ ಎಪಿಐ ಕೀ, ಫೋನಿನಲ್ಲಿ ತೆರೆದೇ ಇರುವ ಸೆಷನ್, ಎಲ್ಲವೂ ಜೀವಂತ. ಆ್ಯಪುಗಳಲ್ಲಿ ಖಾತೆ ತಾನಾಗಿ ಸೇರಿಸುವ, ತೆಗೆದುಹಾಕುವ ಕೆಲಸಕ್ಕೆಂದೇ 2015ರಿಂದ ಸ್ಕಿಮ್ 2.0 ಎಂಬ ಪದ್ಧತಿ ಇದೆ, ಎಷ್ಟೋ ಮಾರಾಟಗಾರರು ಅದನ್ನು ಅತಿ ದುಬಾರಿ ಪ್ಲಾನಿನಲ್ಲಿಯೇ ಇಟ್ಟಿದ್ದಾರೆ. ದುಡ್ಡಿಲ್ಲವೇ? ಸರಿ. ಒಂದು ಡಮ್ಮಿ ಖಾತೆ ಮಾಡಿ, ಡೈರೆಕ್ಟರಿಯಲ್ಲಿ ಅದನ್ನು ನಿಲ್ಲಿಸಿ, ಒಂದು ತಾಸು ಬಿಟ್ಟು ಮೊಬೈಲ್ ಆ್ಯಪ್, ಹಳೆಯ ಪಾಸ್‌ವರ್ಡ್, ಎಪಿಐ ಕೀ ಮೂರನ್ನೂ ಒತ್ತಿ ನೋಡಿ. ಯಾವುದು ತೆರೆಯುತ್ತದೋ ಅದನ್ನು ಕೈಯಿಂದಲೇ ಮುಚ್ಚುವ ಪಟ್ಟಿ ಬರೆದು ಎಚ್‌ಆರ್ ಮೇಜಿಗೆ ಕೊಡಿ. ಇದಕ್ಕೆ ಶಾಲು ಬೇಕಿಲ್ಲ.

ಇನ್ನು ನಗುವುದು ಕಷ್ಟ. ಡೈರೆಕ್ಟರಿಯನ್ನು ಓದಲು ಆ್ಯಪಿಗೆ ಕೊಟ್ಟ ಸರ್ವಿಸ್ ಖಾತೆ ಬರೀ ಓದುವಷ್ಟು ಅಧಿಕಾರದ್ದಾಗಿದ್ದರೆ ಸಾಕಿತ್ತು. ಕೊಟ್ಟಿರುವುದು ಡೊಮೇನ್ ಅಡ್ಮಿನ್, ಅಂದರೆ ಇಡೀ ಜಾಲದ ಯಜಮಾನಿಕೆ. “ಪಾಸ್‌ವರ್ಡ್ ಎಂದಿಗೂ ಮುಗಿಯದು” ಎಂಬ ಚೌಕಕ್ಕೆ ಟಿಕ್. ಆ್ಯಪು ಡೈರೆಕ್ಟರಿಯೊಡನೆ ಮಾತಾಡುವುದು 389ನೇ ಪೋರ್ಟ್ ಎಂಬ ಬಾಗಿಲಿನಲ್ಲಿ, ಯಾವ ಗೂಢಲಿಪಿಯೂ ಇಲ್ಲದೆ. ನಡುವೆ ಕೂತು ಕೇಳುವವನಿಗೆ ಪಾಸ್‌ವರ್ಡ್ ಬರೆದುಕೊಳ್ಳುವ ಕೆಲಸ ಮಾತ್ರ. ಗೂಢಲಿಪಿಯಿರುವ 636ಕ್ಕೆ ಬದಲಿಸಲು ಒಂದು ಸರ್ಟಿಫಿಕೇಟ್ ಬೇಕು, ಅದನ್ನು ಹಾಕುವ ಪುರುಸೊತ್ತು ಯಾರಿಗೂ ಇಲ್ಲ. 12 ಸಾವಿರ ಸಂಬಳದ ಗುತ್ತಿಗೆ ಆಪರೇಟರ್ 45 ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಬೇಕು, ಇಡೀ ಕಂಪನಿಯ ಬೀಗ ತೆಗೆಯುವ ಖಾತೆ ಬದಲಿಸಬೇಕಿಲ್ಲ. ಡೇಟಾ ಹೋದ ದಿನ ಲಾಗ್ ದಾಖಲೆಯಲ್ಲಿ ಮೂರೂ ಪಾಳಿಯ ಐಡಿ ‘ವೇಬ್ರಿಜ್ 1’ ಎಂದಷ್ಟೇ ಇರುತ್ತದೆ, ಮೆಮೊ ಆ ಹೊತ್ತಿನ ಪಾಳಿಯ ಆಪರೇಟರಿಗೆ ಹೋಗುತ್ತದೆ. ಡೊಮೇನ್ ಅಡ್ಮಿನ್ ಕೊಟ್ಟವರ ಹೆಸರು ಯಾವ ಮೆಮೊದಲ್ಲೂ ಬರುವುದಿಲ್ಲ.