ಕಿರುಚಿದ್ದು ಎಲ್ಲರಿಗೂ ಕೇಳಿಸಿತು, ಸಹಿಸಿದ್ದು ಯಾರಿಗೂ ಕಾಣಿಸಲಿಲ್ಲ

ನಿನ್ನೆ ವಿರಾಜಪೇಟೆ ಕಡೆಯ ಒಂದು ಮದುವೆಯಿಂದ ಬಂದಾಗಿನಿಂದ ಮನಸ್ಸು ಕುದಿಯುತ್ತಿದೆ. ಇದನ್ನು ಬರೆಯದೆ ನಿದ್ದೆ ಬರುವುದಿಲ್ಲ.

ನೆಂಟರ ಹುಡುಗನೊಬ್ಬ, ಕಾಲೇಜು ಮುಗಿಸಿದವನು, ಮಂಟಪದ ಹಿಂದೆ ಕಾರುಗಳ ನಡುವೆ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದ. ಒಳಗೆ ಡಿಜೆ. ಅವನ ಮಾವ ಬಂದು, ಫೋಟೊಗೆ ಎಲ್ಲರೂ ಕಾಯುತ್ತಿದ್ದಾರೆ ಏಳು ಎಂದರು. ‘ಆಮೇಲೆ ಬರುತ್ತೇನೆ ಮಾವ’ ಎಂದ, ಮೆಲ್ಲಗೆ. ಮತ್ತೆ ಕರೆದರು, ಮತ್ತೆ ಮೆಲ್ಲಗೇ ಹೇಳಿದ. ತೋಳು ಹಿಡಿದು ಎಳೆದಾಗ ಕಿರುಚಿದ. ಊಟಕ್ಕೆ ಸಾಲು ನಿಂತವರೆಲ್ಲ ತಿರುಗಿ ನೋಡಿದರು. ‘ದೊಡ್ಡವರಿಗೆ ಹೀಗಾ ಮಾತಾಡುವುದು?’, ‘ಬೆಳೆಸಿದ ರೀತಿ ನೋಡಿ’. ಅವನ ತಾಯಿ ತಲೆ ತಗ್ಗಿಸಿ ನಿಂತಿದ್ದರು. ಅವನು ಮೆಲ್ಲಗೆ ಹೇಳಿದ ಎರಡು ಮಾತು ಮಾತ್ರ ಯಾರ ಲೆಕ್ಕಕ್ಕೂ ಬರಲಿಲ್ಲ.

ಅವನಿಗೆ ಏನಿದೆ, ಏನಿಲ್ಲ ಎಂದು ಹೇಳಲು ನಾನು ವೈದ್ಯೆಯಲ್ಲ. ಆದರೆ ಆ ಕಿರುಚು ನನಗೆ ಗೊತ್ತು. ಅದು ನನ್ನ ಗಂಟಲಿನಿಂದಲೂ ಬಂದಿದೆ.

ನನಗೆ ಆಟಿಸಂ ಇದೆ, ಅಂದರೆ ಶಬ್ದ, ಸ್ಪರ್ಶ, ಜನರ ಒಡನಾಟವನ್ನು ಹುಟ್ಟಿನಿಂದಲೇ ಬೇರೆ ರೀತಿ ಗ್ರಹಿಸುವ ಮಿದುಳು ನನ್ನದು ಎಂದು ತಿಳಿದದ್ದು ತುಂಬಾ ತಡವಾಗಿ. ಅಲ್ಲಿಯವರೆಗೆ ನನಗಿದ್ದ ಹೆಸರು ಒಂದೇ: ಮೂಗಿನ ತುದಿಯಲ್ಲಿ ಕೋಪ ಇರುವವಳು. ಹೆಣ್ಣುಮಕ್ಕಳಿಗೆ ಇಷ್ಟು ಸಿಟ್ಟು ಒಳ್ಳೆಯದಲ್ಲ ಎಂದು ಅಜ್ಜಿಯಿಂದ ಅತ್ತೆಯವರೆಗೆ ಎಲ್ಲರೂ ಹೇಳಿದರು. ಆ ಸಿಟ್ಟಿನ ಮೊದಲು ಏನಾಗಿತ್ತು ಎಂದು ಒಬ್ಬರೂ ಕೇಳಲಿಲ್ಲ.

ಏನಾಗುತ್ತದೆ ಎಂದರೆ, ಮದುವೆ ಹಾಲ್‌ನಲ್ಲಿ ಬಡಿಸುವವರ ಬಕೆಟ್‌ಗೆ ಸೌಟು ತಾಗುವ ಸದ್ದು, ಮೈಕಿನ ಕೀರಲು, ಹೊರಗಿನ ಜನರೇಟರ್, ಬೆನ್ನ ಹಿಂದೆ ಯಾರೋ ಹೇಳುವ ಗದ್ದೆಯ ವ್ಯಾಜ್ಯ, ಎದುರಿನವರು ನನ್ನನ್ನೇ ಕೇಳುತ್ತಿರುವ ಪ್ರಶ್ನೆ, ಎಲ್ಲವೂ ನನಗೆ ಒಂದೇ ಎತ್ತರದಲ್ಲಿ ಕೇಳಿಸುತ್ತವೆ. ಬೇರೆಯವರ ಮಿದುಳು ಬೇಡದ್ದನ್ನು ತಾನೇ ಹಿಂದಕ್ಕೆ ಸರಿಸುತ್ತದೆ, ನನ್ನದು ಸರಿಸುವುದಿಲ್ಲ. ಜೊತೆಗೆ ಕುತ್ತಿಗೆಗೆ ಉಜ್ಜುವ ಜರಿ, ಮಲ್ಲಿಗೆಯ ಜೊತೆ ಅತ್ತರು, ಅದರ ಮೇಲೆ ಪಂದಿಕರಿಯ ಘಾಟು. ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಅಪಾಯ ಎದುರಾದಾಗ ಮೈ ಏನು ಮಾಡುತ್ತದೋ ಅದನ್ನೇ ಮಾಡುತ್ತದೆ: ಓಡು, ಇಲ್ಲವೇ ಹೊಡೆದಾಡು. ಹಸಿವು, ಬಾಯಾರಿಕೆಯಂತೂ ಆ ಹೊತ್ತಿಗೆ ತಿಳಿಯುವುದೇ ಇಲ್ಲ. ಇಷ್ಟೆಲ್ಲದರ ನಡುವೆ ಹಲ್ಲು ಕಚ್ಚಿ ನಗುತ್ತಿರುತ್ತೇನೆ. ಆಗ ಯಾರಾದರೂ ಹಿಂದಿನಿಂದ ಭುಜ ತಟ್ಟಿದರೆ ಸಾಕು.

2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಗುಡ್ಡಗಳು ಕುಸಿದಾಗ ಆ ದಿನದ ಮಳೆಯೊಂದನ್ನೇ ಯಾರೂ ದೂರಲಿಲ್ಲ. ತಿಂಗಳುಗಟ್ಟಲೆ ನೆನೆದ ಮಣ್ಣಿನ ಬಗ್ಗೆ ಎಲ್ಲರೂ ಮಾತಾಡಿದರು. ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ ನಾವು ಕೊನೆಯ ಐದು ನಿಮಿಷ ನೋಡಿ ತೀರ್ಪು ಕೊಡುತ್ತೇವೆ.

ಹಟಕ್ಕೂ ಈ ಸ್ಫೋಟಕ್ಕೂ ವ್ಯತ್ಯಾಸ ಇದೆ. ಹಟ ಬೇಕಾದದ್ದು ಸಿಕ್ಕ ಕೂಡಲೇ ನಿಲ್ಲುತ್ತದೆ. ಇದು ಹಾಗೆ ನಿಲ್ಲುವುದಿಲ್ಲ, ಕತ್ತಲು ಕೋಣೆಯಲ್ಲಿ ಮಲಗಿ ಮೈ ತಣಿಯುವವರೆಗೂ ಇರುತ್ತದೆ. ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ರೋಗನಿರ್ಣಯದ ಕೈಪಿಡಿಯಲ್ಲಿ ಶಬ್ದ, ಬೆಳಕು, ಸ್ಪರ್ಶಗಳಿಗೆ ಅತಿಯಾಗಿ ಅಥವಾ ತೀರಾ ಕಡಿಮೆಯಾಗಿ ಸ್ಪಂದಿಸುವುದನ್ನು ಆಟಿಸಂನ ಲಕ್ಷಣಗಳ ಪಟ್ಟಿಗೆ ಸೇರಿಸಿತು. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಗಳಲ್ಲಿ ಆಟಿಸಂ ಕೂಡ ಒಂದು. ಕಾಯ್ದೆಯ ಪುಸ್ತಕಕ್ಕೆ ಬಂದದ್ದು ನಮ್ಮ ಮದುವೆ ಮನೆಗಳ ಜಗಲಿಯವರೆಗೆ ಇನ್ನೂ ಬಂದಿಲ್ಲ.

‘ಕೊಡಗಿನಲ್ಲಿ ಎಂಥ ಗದ್ದಲ, ಸ್ವರ್ಗ ಅದು’ ಎನ್ನುತ್ತಾರೆ ಬೆಂಗಳೂರಿನ ಸ್ನೇಹಿತರು. ಪಕ್ಕದ ತೋಟದಲ್ಲಿ ಕಳೆ ಕತ್ತರಿಸುವ ಯಂತ್ರ ಬೆಳಗಿನಿಂದ ಸಂಜೆಯವರೆಗೆ ಏರುತ್ತಾ ಇಳಿಯುತ್ತಾ ಕಿರುಗುಟ್ಟುವಾಗ ಒಮ್ಮೆ ಬಂದು ನಮ್ಮ ಜಗಲಿಯಲ್ಲಿ ಕೂರಲಿ. ಕಾಫಿ ಹೂವಿನ ಪರಿಮಳಕ್ಕೆ ಎಲ್ಲರೂ ಮರುಳಾಗುತ್ತಾರೆ. ನಾನು ಆ ದಿನಗಳಲ್ಲಿ ಕಿಟಕಿ ಮುಚ್ಚಿ ತಲೆನೋವಿಗೆ ಬಟ್ಟೆ ಕಟ್ಟಿಕೊಂಡಿರುತ್ತೇನೆ. ಹಾಗೆಂದು ಹೆಂಚಿನ ಮೇಲೆ ಸುರಿಯುವ ಜುಲೈ ಮಳೆ, ಎಷ್ಟೇ ಜೋರಾಗಿದ್ದರೂ, ನನ್ನನ್ನು ಸಮಾಧಾನ ಮಾಡುತ್ತದೆ. ಅದು ಒಂದೇ ಸಮನೆ ಇರುತ್ತದೆ, ಯಾವಾಗ ಏರುತ್ತದೋ ಎಂಬ ಭಯ ಇರುವುದಿಲ್ಲ. ವಾಲಗಕ್ಕೂ ನಾನು ಕುಣಿಯುತ್ತೇನೆ. ಹಾಗಾಗಿ ‘ಅದಕ್ಕೆ ಆಗುತ್ತದೆ, ಇದಕ್ಕೆ ಆಗುವುದಿಲ್ಲವೇ’ ಎಂದು ದಯವಿಟ್ಟು ಪಾಟೀಸವಾಲು ಹಾಕಬೇಡಿ.

‘ಎಲ್ಲರಿಗೂ ಕಿರಿಕಿರಿ ಆಗುತ್ತದೆ, ಎಲ್ಲರೂ ಹೊಂದಿಕೊಳ್ಳುತ್ತಾರೆ’ ಎನ್ನುವವರೂ ಇದ್ದಾರೆ. ಆಗುತ್ತದೆ, ಒಪ್ಪುತ್ತೇನೆ. ಆದರೆ ನಿಮಗೆ ಮನೆಗೆ ಬಂದು ಒಂದು ಲೋಟ ಕಾಫಿ ಕುಡಿದರೆ ಹೋಗುವ ಕಿರಿಕಿರಿ, ನಮ್ಮನ್ನು ಮರುದಿನವೂ ಹಾಸಿಗೆಯಿಂದ ಏಳಲು ಬಿಡುವುದಿಲ್ಲ. ಹೊಂದಿಕೊಂಡೇ ಹೊಂದಿಕೊಂಡೇ ನಾವು ಆ ಕಿರುಚಿನವರೆಗೆ ಬಂದಿರುತ್ತೇವೆ.

ಇನ್ನು ನಾಚಿಕೆ. ಅದರ ಬಗ್ಗೆ ಬರೆಯಲು ಈಗಲೂ ಕೈ ನಡುಗುತ್ತದೆ. ಸಿಟ್ಟು ಐದು ನಿಮಿಷದ್ದು, ನಾಚಿಕೆ ವರ್ಷಗಟ್ಟಲೆ. ಯಾರ ಮುಖ ಹೇಗೆ ಬಾಡಿತು, ಯಾರು ಪಿಸುಗುಟ್ಟಿದರು ಎಂದು ನಡುರಾತ್ರಿ ಎದ್ದು ಕೂತು ಲೆಕ್ಕ ಹಾಕಿದ್ದೇನೆ. ಈ ನಾಚಿಕೆಯೇ ಮುಂದಿನ ಸಲ ‘ನನಗೆ ಆಗುತ್ತಿಲ್ಲ, ಹೊರಗೆ ಹೋಗುತ್ತೇನೆ’ ಎಂದು ಹೇಳದಂತೆ ಬಾಯಿ ಕಟ್ಟುತ್ತದೆ. ಹೇಳದೆ ಕೂತರೆ ಮತ್ತೆ ಸ್ಫೋಟ, ಮತ್ತೆ ನಾಚಿಕೆ. ಮಕ್ಕಳನ್ನು ‘ಮಾನ ತೆಗೆದೆ’ ಎಂದು ಬೈಯುವವರು ಈ ಸುತ್ತನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದಾರೆ.

ಈಗ ನಾನು ಹತ್ತಿಯ ಬಟ್ಟೆಯನ್ನೇ ಉಟ್ಟು ಹೋಗುತ್ತೇನೆ. ಚೀಲದಲ್ಲಿ ಇಯರ್‌ಪ್ಲಗ್ ಇರುತ್ತದೆ. ಮನೆಯಲ್ಲೇ ಉಂಡು ಹೊರಡುತ್ತೇನೆ, ಬಾಗಿಲ ಹತ್ತಿರ ಕೂರುತ್ತೇನೆ. ನಾನು ಕಿವಿಯೋಲೆ ಬಿಚ್ಚಿದರೆ ಯಜಮಾನರು ಕಾರಿನ ಕೀಲಿ ತೆಗೆದುಕೊಳ್ಳುತ್ತಾರೆ, ಏಕೆ ಎಂದು ಕೇಳುವುದಿಲ್ಲ. ಆ ಹುಡುಗನಿಗೂ ಹೀಗೆ ಪ್ರಶ್ನೆ ಕೇಳದೆ ಎದ್ದು ನಿಲ್ಲುವವರು ಒಬ್ಬರು ಸಿಗಬೇಕು.

ಮುಂದಿನ ತಿಂಗಳು ನಮ್ಮ ಚಿಕ್ಕಪ್ಪನ ಮಗಳ ಮದುವೆ. ಹಾಲ್‌ನ ಹಿಂಬದಿಯ ಒಂದು ಕೋಣೆಯನ್ನು ದೀಪ ಆರಿಸಿ, ಕುರ್ಚಿ ಮತ್ತು ನೀರು ಇಟ್ಟು ಬಿಟ್ಟುಕೊಡಿ ಎಂದು ಚಿಕ್ಕಪ್ಪನನ್ನು ಕೇಳಿದ್ದೇನೆ, ಒಪ್ಪಿದ್ದಾರೆ. ಬರುವವರು ಯಾರು ಬೇಕಾದರೂ ಅಲ್ಲಿ ಕೂರಬಹುದು. ಫೋಟೊಗೆ ಕರೆಯಲು ಯಾರೂ ಆ ಬಾಗಿಲು ತಟ್ಟಬಾರದು.