ಅಟ್ಟದ ಮೇಲಿನ ಸೂಜಿ ಡಬ್ಬಿ

ಕಳೆದ ಸಲ ಅಮೆರಿಕದಿಂದ ಊರಿಗೆ ಹೋಗಿದ್ದಾಗ ಕಸದ ಗಾಡಿಯ ಹೆಂಗಸೊಬ್ಬರು ನನ್ನ ಬಾಯಿ ಮುಚ್ಚಿಸಿದರು.

ಹಬ್ಬ ಹತ್ತಿರ ಇತ್ತು. ಅಮ್ಮ ಅಟ್ಟ ಹತ್ತಿಸಿದ್ದರು. ಮೇಲೆ ಸಿಕ್ಕಿದ್ದು ಸುಟ್ಟುಹೋದ ಎರಡು ಟ್ಯೂಬ್‌ಲೈಟು, ಸೋರಿ ಬೆಳ್ಳಗಾದ ರಿಮೋಟ್ ಸೆಲ್ಲುಗಳು, ಗೇಟಿಗೆ ಹೊಡೆದು ಉಳಿದ ಅರ್ಧ ಡಬ್ಬ ಪೇಂಟು. ಮೂಲೆಯಲ್ಲಿ ಒಂದು ಹಳೇ ಬೋರ್ನ್‌ವಿಟಾ ಡಬ್ಬಿ, ಮುಚ್ಚಳಕ್ಕೆ ಸುತ್ತ ಟೇಪು. ಅಲ್ಲಾಡಿಸಿದರೆ ಗಲಗಲ ಅಂತು. ಅಪ್ಪನ ಇನ್ಸುಲಿನ್ ಸೂಜಿಗಳು.

ಬೆಳಗ್ಗೆ ಗಾಡಿ ಬಂದಾಗ ಡಬ್ಬಿ ಹಿಡಿದು ಹೋದೆ. "ಇದು ಹಸಿ ಕಸಕ್ಕಾ, ಒಣ ಕಸಕ್ಕಾ ಅಮ್ಮಾ?" ಅಂದೆ. ಅವರು ನಕ್ಕರು. "ಡಬ್ಬಿಗೆ ಹಾಕಿ ತಂದಿದ್ದೀರಲ್ಲ ಸಾರ್, ನೀವೇ ವಾಸಿ." ಆಮೇಲೆ ಹೆಬ್ಬೆರಳು ತೋರಿಸಿದರು. ಯಾರದೋ ಮನೆಯ ಅನ್ನ ಸಾರಿನ ಜೊತೆ ಬಂದ ಸೂಜಿ ಚುಚ್ಚಿತ್ತಂತೆ. ಯಾರ ಸೂಜಿ, ಅವರಿಗೇನು ಕಾಯಿಲೆ, ಯಾರಿಗೆ ಗೊತ್ತು? ತಿಂಗಳುಗಟ್ಟಲೆ ರಕ್ತ ಪರೀಕ್ಷೆಗೆ ಓಡಾಡಿದರಂತೆ. ಈಗ ಕೈಯಲ್ಲಿ ಗ್ಲೌಸ್ ಇತ್ತು. ತೋರುಬೆರಳ ತುದಿ ಹರಿದಿತ್ತು.

ಡಬ್ಬಿ ವಾಪಸ್ ಒಳಗೆ ತಂದೆ.

ಆಮೇಲೆ ಶುರುವಾಯಿತು ನನ್ನ ಅಮೆರಿಕದ ಹುಮ್ಮಸ್ಸು. ಪಕ್ಕದ ಕ್ಲಿನಿಕ್‌ನಲ್ಲಿ ಕೇಳಿದೆ. "ನಮ್ಮ ಪೇಶೆಂಟ್‌ಗಳಿಗೆ ಇಲ್ಲಿ ಚುಚ್ಚಿದ್ದು ಮಾತ್ರ" ಅಂದರು. ಸಂಬಂಧಪಟ್ಟ ಕಚೇರಿಗೆ ಫೋನ್ ಮಾಡಿದೆ. ಊರಿನ ಹೆಸರು ಬೇಡ, ಅಲ್ಲೇ ನಾಳೆ ನಮ್ಮಪ್ಪನಿಗೆ ಖಾತೆ ಮಾಡಿಸುವ ಕೆಲಸ ಇದೆ. ಫೋನ್ ಎತ್ತಿದವರು ಪಾಪ ಒಳ್ಳೆಯವರೇ. "ಸುಮ್ನೆ ಪೇಪರ್‌ನಲ್ಲಿ ಸುತ್ತಿ ಕೊಟ್ಬಿಡಿ ಸಾರ್, ಎಲ್ರೂ ಹಂಗೇ ಮಾಡೋದು."

ನನಗೆ ರೇಗಿದ್ದು ಅದಕ್ಕೇ. ದೇಶದ ಘನ ತ್ಯಾಜ್ಯ ನಿಯಮ 2016ರಲ್ಲೇ ಬಂತು. ಪೇಂಟ್ ಡಬ್ಬ, ಕ್ರಿಮಿನಾಶಕದ ಕ್ಯಾನು, ಟ್ಯೂಬ್‌ಲೈಟು, ಅವಧಿ ಮೀರಿದ ಮಾತ್ರೆ, ಒಡೆದ ಥರ್ಮಾಮೀಟರು, ಸೆಲ್ಲು, ಸೂಜಿ ಎಲ್ಲ ಅದರಲ್ಲಿ ಹೆಸರು ಹೆಸರಾಗಿ ಇದ್ದವು. ಇವನ್ನು ತಂದುಕೊಡಲು 20 ಚದರ ಕಿಲೋಮೀಟರಿಗೆ ಒಂದು ಕೇಂದ್ರ ಮಾಡಿ, ಅದು ತೆರೆದಿರುವ ಹೊತ್ತನ್ನೂ ಜನರಿಗೆ ತಿಳಿಸಿ ಅಂತ ಬರೆದಿತ್ತು. ಆ ಲೆಕ್ಕಕ್ಕೆ ಸುಮಾರು 700 ಚದರ ಕಿಲೋಮೀಟರಿನ ಬೆಂಗಳೂರಿಗೆ ಮೂವತ್ತೈದು ಬೇಕಿತ್ತು. ನಮ್ಮೂರಿಗೆ ಎರಡು ಸಾಕಿತ್ತು. ಜನರಿಗೆ ಬುದ್ಧಿ ಇಲ್ಲ ಅಂತ ಎಲ್ಲರೂ ಬೈತಾರೆ. ನಮ್ಮಪ್ಪ ಟೇಪು ಸುತ್ತಿ ಇಟ್ಟಿದ್ದಾರೆ, ಕೊಡೋದು ಎಲ್ಲಿ ಹೇಳಿ?

ನಾನಿರುವ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಸಾಂತಾ ಕ್ಲಾರಾ ಕೌಂಟಿಯವರು, ಅಂದರೆ ನಮ್ಮ ಜಿಲ್ಲಾಡಳಿತದ ಥರದವರು, ಈ ಕೆಲಸ ನೋಡಿಕೊಳ್ಳುತ್ತಾರೆ. ಮೊದಲೇ ಹೆಸರು ಬರೆಸಬೇಕು. ಇಂಥ ದಿನ, ಇಷ್ಟು ಗಂಟೆಗೆ, ಇಂಥ ಜಾಗಕ್ಕೆ ಬನ್ನಿ ಅಂತ ತಿಳಿಸುತ್ತಾರೆ. ದುಡ್ಡು ಕೇಳಲ್ಲ. ಮೊದಲ ಸಲ ಹೋದಾಗ ಕಾರಿನಿಂದ ಇಳಿಯಲು ಹೊರಟೆ, "ಕೂತಿರಿ ಕೂತಿರಿ" ಅಂತ ಕೈಸನ್ನೆ ಮಾಡಿದರು. ದಪ್ಪ ಗ್ಲೌಸು, ಕನ್ನಡಕ ಹಾಕಿದವನೊಬ್ಬ ಡಿಕ್ಕಿಯಿಂದ ಟ್ಯೂಬ್‌ಲೈಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡ, ಬಾಣಂತಿ ಮನೆಯಲ್ಲಿ ಕೂಸು ಎತ್ತಿಕೊಳ್ಳೋ ಹಾಗೆ. ನನಗೆ ನಗು ಬಂತು. ಚಿಕ್ಕವರಿದ್ದಾಗ ಖಾಲಿ ಸೈಟಿನಲ್ಲಿ ಅದನ್ನೇ ಗೋಡೆಗೆ ಹೊಡೆದು, ಢಮ್ ಅಂದಾಗ ಕುಣಿದವರು ನಾವು. ಒಳಗೆ ಪಾದರಸ ಇರುತ್ತೆ ಅಂತ ಯಾರೂ ಹೇಳಿರಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ 2006ರಿಂದ ಸೆಲ್ಲನ್ನು, 2008ರ ಸೆಪ್ಟೆಂಬರ್‌ನಿಂದ ಮನೆಯ ಸೂಜಿಯನ್ನು ಕಸದ ತೊಟ್ಟಿಗೆ ಹಾಕುವ ಹಾಗಿಲ್ಲ. ಬರೀ ಬೇಡ ಅಂದು ಸುಮ್ಮನಾಗಲಿಲ್ಲ. ಸೂಜಿ, ಔಷಧಿ ಮಾರುವ ಕಂಪನಿಗಳೇ ತಮ್ಮ ಖರ್ಚಲ್ಲಿ ವಾಪಸ್ ತಗೋಬೇಕು ಅಂತ 2018ರಲ್ಲಿ ಕಾನೂನು ಮಾಡಿದರು. ಸೂಜಿ ಡಬ್ಬವನ್ನು ಅಂಚೆಯಲ್ಲೇ ಕಳಿಸಬಹುದು. ಪೇಂಟ್ ಕೊಳ್ಳುವಾಗಲೇ ಅದರ ವಿಲೇವಾರಿಯ ಕಾಸು ಬಿಲ್ಲಿನಲ್ಲಿ ಸೇರಿರುತ್ತೆ.

ಇದನ್ನೆಲ್ಲ ಅಪ್ಪನಿಗೆ ಜಂಬದಿಂದ ಹೇಳುತ್ತಿದ್ದೆ. ಒಂದು ಸಲಕ್ಕೆ 125 ಪೌಂಡ್, ಅಂದರೆ ಸುಮಾರು 57 ಕೆಜಿ ತನಕ ಒಯ್ಯಬಹುದು ಅಂದೆ. ಅಪ್ಪ ಪೇಪರ್ ಮಡಚಿಟ್ಟರು. "ಐವತ್ತೇಳು ಕೆಜಿ ವಿಷ ಒಂದು ಮನೇಲಿ ಎಲ್ಲಿಂದ ಬರುತ್ತೋ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಗ್ಯಾರೇಜಿನಲ್ಲಿ ಒಂಬತ್ತು ಪೇಂಟ್ ಡಬ್ಬ ಇವೆ. ಮಗಳ ರೂಮಿಗೆ ನೇರಳೆ ಸರಿಯಾ ತಿಳಿನೀಲಿ ಸರಿಯಾ ಅಂತ ತಂದವು. ಅಪ್ಪನ ಮನೆಯ ಪೇಂಟ್ ಉಳಿದರೆ ಪಕ್ಕದ ಮನೆ ಗೇಟಿಗೆ ಹೋಗುತ್ತೆ. ಹಳೇ ಯುಪಿಎಸ್ ಬ್ಯಾಟರಿ ಕೊಟ್ಟು ಹೊಸದರ ಬೆಲೆಯಲ್ಲಿ ಚೌಕಾಸಿ ಮಾಡುತ್ತಾರೆ. ಐವತ್ತೇಳು ಕೆಜಿ ಸೇರಿಸಲು ಅವರಿಗೆ ಇಪ್ಪತ್ತು ವರ್ಷ ಬೇಕು.

ಮತ್ತೆ ಇದೂ ನಿಜ. ಇಲ್ಲಿ ಅಮೆರಿಕದಲ್ಲಿ ಕಾರಿಲ್ಲದವರಿಗೆ ಆ ಕೇಂದ್ರ ದೂರದ ಬೆಟ್ಟ. ನಾನೇ ದಿನ ಗೊತ್ತುಮಾಡಿ ಎರಡು ಸಲ ಹೋಗಲಿಲ್ಲ. ಪಕ್ಕದ ಮನೆಯಾತ ಸೆಲ್ಲುಗಳನ್ನು ರಾತ್ರಿ ಹೊತ್ತು ಮಾಮೂಲಿ ತೊಟ್ಟಿಗೇ ಹಾಕ್ತಾನೆ, ಕಣ್ಣಾರೆ ನೋಡಿದ್ದೇನೆ. ಯಂತ್ರದ ತೋಳು ಬಂದು ತೊಟ್ಟಿ ಎತ್ತಿ ಸುರಿದುಕೊಂಡು ಹೋಗುತ್ತೆ, ಗಾಡಿ ಓಡಿಸುವವರ ಮುಖ ಕೂಡ ನೋಡಿಲ್ಲ. ಊರಲ್ಲಿ ಹಾಗಲ್ಲ, ದಿನಾ ಬೆಳಗ್ಗೆ ಬಾಗಿಲಿಗೇ ಬರ್ತಾರೆ. ಅವರ ಗಾಡಿಗೆ ಇನ್ನೊಂದು ಗಟ್ಟಿ ಡಬ್ಬ ಕಟ್ಟಿಕೊಟ್ಟರೂ ಅರ್ಧ ಕೆಲಸ ಮುಗಿಯುತ್ತಿತ್ತು, ಅಲ್ವಾ?

ಮೊನ್ನೆ ಭಾನುವಾರ ಅಪ್ಪ ವಿಡಿಯೋ ಕಾಲ್‌ನಲ್ಲಿ ಡಬ್ಬಿ ತೋರಿಸಿದರು. ಇದು ಎರಡನೆಯದು. "ಕುತ್ತಿಗೆವರೆಗೂ ಬಂತು ಕಣೋ. ಮುಂದಿನ ಸಲ ಬಂದಾಗ ನೀನೇ ತಗೊಂಡು ಹೋಗಿಬಿಡು, ಅಲ್ಲಿ ಕೊಡೋಕೆ ಜಾಗ ಇದೆಯಲ್ಲ."

ತಮಾಷೆಗೆ ಅಂದರೋ ಏನೋ ಗೊತ್ತಾಗಲಿಲ್ಲ. ಚೆಕ್-ಇನ್ ಲಗೇಜಲ್ಲಿ ಬಿಡ್ತಾರಾ ಅಂತ ನಾನಂತೂ ಒಂದು ಗಳಿಗೆ ಯೋಚಿಸಿದೆ.